ಬುಧನ ಮೇಲೆ ತಪ್ಪಿದ ಲೆಕ್ಕ

ಸುಂಕದಕಟ್ಟೆಯ ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗಿದ್ದ ಒಂದು ಹೈಸ್ಕೂಲಿನಲ್ಲಿ ಅನಂತಲಕ್ಷ್ಮಿ ಬಹಳ ವರ್ಷಗಳಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಮಕ್ಕಳ ಬಾಯಲ್ಲಿ ಲಕ್ಷ್ಮಿ ಮಿಸ್. ಕಂಪ್ಯೂಟರ್ ಪಾಠವೆಂದರೆ ಅಲ್ಲಿ ಅಂಥ ದೊಡ್ಡದೇನಲ್ಲ. ಮಾನಿಟರ್ ಎಂದರೇನು, ಮೌಸ್ ಎಂದರೇನು, ಚಿತ್ರ ಬಿಡಿಸುವ ಕಿಟಕಿಯಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಮನೆ. ಪುಸ್ತಕದಲ್ಲಿದ್ದದ್ದನ್ನು ಅವಳು ಬೋರ್ಡಿಗೆ ಏರಿಸುವುದು, ಬೋರ್ಡಿನಲ್ಲಿದ್ದದ್ದನ್ನು ಮಕ್ಕಳು ನೋಟ್ಸಿಗೆ ಇಳಿಸುವುದು. ಲ್ಯಾಬಿನ ಯಂತ್ರಗಳಲ್ಲಿ ಅರ್ಧ ಕೆಟ್ಟಿದ್ದವು, ಉಳಿದರ್ಧ ಕೆಡುವುದಕ್ಕೆ ನೆಪ ಹುಡುಕುತ್ತಿದ್ದವು. ಕರೆಂಟು ಹೋದರೆ ಯುಪಿಎಸ್ಸು ಕೀಂಯ್ ಎಂದು ಕೂಗಿಕೊಳ್ಳುವುದನ್ನು ಬಿಟ್ಟು ಬೇರೆ ಉಪಕಾರ ಮಾಡುತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಇದಲ್ಲ. ದೀಪಾಂಜಲಿ ನಗರದಲ್ಲಿ ಬೆಳೆದ ಹುಡುಗಿ, ರಾಜಾಜಿನಗರದ ಕಾಲೇಜಿನಲ್ಲಿ ಬಿಎಸ್ಸಿ ಓದುವಾಗ ಅವಳ ತಲೆಯ ತುಂಬ ಆಕಾಶವಿತ್ತು. ಗ್ರಹಗಳು ಸೂರ್ಯನ ಸುತ್ತ ತಿರುಗುವ ಲೆಕ್ಕವನ್ನು ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿದಾಗ, ಪಕ್ಕದ ಹುಡುಗಿಯರು ಆಕಳಿಸುತ್ತಿದ್ದರೆ ಇವಳ ಮೈ ಜುಮ್ಮೆನ್ನುತ್ತಿತ್ತು. ಎಂಎಸ್ಸಿ ಮಾಡಬೇಕೆಂದಿದ್ದಳು. ಅಷ್ಟರಲ್ಲಿ ವಿಜಯನಗರದಿಂದ ಸಂಬಂಧ ಬಂತು. ಹುಡುಗ ಚಕ್ರಪಾಣಿ, ಸರ್ಕಾರಿ ಕಚೇರಿಯಲ್ಲಿ ಕೆಲಸ, ಸಾಧು ಸ್ವಭಾವ. ಮದುವೆಯಾಯಿತು. ಮನೆಯ ಹತ್ತಿರವೇ ಒಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡಳು. ಶಾಲೆಗೆ ಸೇರುವಾಗ ವಿಜ್ಞಾನದ ಹುದ್ದೆ ಕೇಳಿದಳು, ಅದು ಭರ್ತಿಯಾಗಿತ್ತು. "ಸದ್ಯಕ್ಕೆ ಕಂಪ್ಯೂಟರ್ ತಗೊಳ್ಳಿ" ಎಂದರು. ಆ ಸದ್ಯ ಇನ್ನೂ ಮುಗಿದಿರಲಿಲ್ಲ.

ಹೀಗಿರುವಾಗ ಒಂದು ದಿನ ಒಂಬತ್ತನೇ ತರಗತಿಯಲ್ಲಿ ಪ್ರೋಗ್ರಾಂ ಎಂದರೇನು ಎಂದು ವ್ಯಾಖ್ಯಾನ ಬರೆಸುತ್ತಿದ್ದಳು. ಮೊದಲ ಬೆಂಚಿನ ಸ್ಮೃತಿ ಎಂಬ ಹುಡುಗಿ ಕೈ ಎತ್ತಿ, ಯಾವ ಕುಚೋದ್ಯವೂ ಇಲ್ಲದೆ ಕೇಳಿದಳು. "ಮಿಸ್, ನೀವು ಯಾವ ಪ್ರೋಗ್ರಾಂ ಮಾಡಿದೀರಾ?"

ಅನಂತಲಕ್ಷ್ಮಿಯ ಕೈಯಲ್ಲಿದ್ದ ಚಾಕ್‌ಪೀಸು ಅಲ್ಲೇ ನಿಂತಿತು. ಡಿಪ್ಲೊಮಾದಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬರೆದಿದ್ದು ನೆನಪಾಯಿತು. ಅದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಯಿತು. "ಬರ್ಕೊಳಮ್ಮ ಮೊದ್ಲು" ಎಂದು ಬೋರ್ಡಿನ ಕಡೆ ತಿರುಗಿದಳು. ಮಾತು ಗಡುಸಾಗಿಯೇ ಬಂತು. ಮನೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಆ ಪ್ರಶ್ನೆ ಬಿಡಲಿಲ್ಲ. ಈಜು ಬಾರದವಳು ಇಷ್ಟು ವರ್ಷ ದಡದಲ್ಲಿ ನಿಂತು ಈಜು ಕಲಿಸಿದ ಹಾಗಾಯಿತಲ್ಲ ಎಂದುಕೊಂಡಳು.

ಏನು ಮಾಡಬೇಕೆಂದು ಹೊಳೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹುಟ್ಟಿದ ದಿನ ಕೊಟ್ಟರೆ ಬೇರೆ ಗ್ರಹಗಳ ಮೇಲೆ ನಮಗೆ ಎಷ್ಟು ವಯಸ್ಸಾಗುತ್ತಿತ್ತು ಎಂದು ಹೇಳುವ ಒಂದು ವೆಬ್ ಪುಟ. ಬುಧ ಎಂಬತ್ತೆಂಟು ದಿನಕ್ಕೇ ಸೂರ್ಯನನ್ನು ಸುತ್ತಿ ಮುಗಿಸುತ್ತದೆ, ಅಲ್ಲಿ ನಾವೆಲ್ಲ ಮುದುಕರು. ಗುರು ಒಂದು ಸುತ್ತು ಹಾಕುವಷ್ಟರಲ್ಲಿ ಇಲ್ಲಿ ಹನ್ನೆರಡು ವರ್ಷ ಕಳೆಯುತ್ತದೆ, ಅಲ್ಲಿ ನಾವು ಇನ್ನೂ ಶಿಶುಗಳು. ಆಕಾಶವೂ ಆಯಿತು, ಕಂಪ್ಯೂಟರೂ ಆಯಿತು. ಫೆಬ್ರವರಿಯ ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ತೋರಿಸುವುದು, ಯಾರ ಸಹಾಯವೂ ಇಲ್ಲದೆ ಮಾಡುವುದು ಎಂದು ನಿಶ್ಚಯ ಮಾಡಿದಳು.

ನಿಶ್ಚಯ ಮಾಡುವುದು ಸುಲಭ. ಫೋನಿನಲ್ಲಿ ಪಾಠದ ವೀಡಿಯೊಗಳನ್ನು ನೋಡಿ ಬರೆಯಲು ಕೂತರೆ, ಹೇಳಿಕೊಡುವ ಹುಡುಗ ರೈಲು ಹಿಡಿಯುವ ಅವಸರದಲ್ಲಿ ಮಾತಾಡುತ್ತಿದ್ದ. ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ಕೇಳಿ, ಒಂದು ಆವರಣ ಚಿಹ್ನೆ ಬಿಟ್ಟುಹೋಗಿ ಪುಟವೆಲ್ಲ ಬೆಳ್ಳಗೆ ಖಾಲಿ ನಿಂತು, ಅದನ್ನು ಹುಡುಕುವಷ್ಟರಲ್ಲಿ ಕುಕ್ಕರು ಕೂಗಿ ಅನ್ನ ತಳ ಹತ್ತಿ, ಭಾನುವಾರಗಳು ಹೀಗೇ ಕಳೆದವು. ಮೊದಲ ಬಾರಿ ಪುಟ ಕೆಲಸ ಮಾಡಿದಾಗ ಎಂಟೂ ಗ್ರಹಗಳ ಮುಂದೆ NaN ಎಂಬ ಮೂರು ಇಂಗ್ಲಿಷ್ ಅಕ್ಷರ ಬಂದವು. ಇದು ಸಂಖ್ಯೆಯೇ ಅಲ್ಲ ಎಂದು ಯಂತ್ರ ಹೇಳುವ ರೀತಿ ಅದು. ಲ್ಯಾಬಿನಲ್ಲಿ ಇಣುಕಿದ ಮಕ್ಕಳು ಅದನ್ನು ನಾನ್ ಎಂದು ಓದಿಕೊಂಡು, "ಮಿಸ್ ವಯಸ್ಸು ನಾನ್ ಅಂತೆ, ರೋಟಿ ಎಷ್ಟಂತೆ" ಎಂದು ಕಾರಿಡಾರಿನುದ್ದಕ್ಕೂ ನಕ್ಕರು.

"ಅದೇನ್ ಲಕ್ಷ್ಮೀ, ದಿನಾ ಗುದ್ದಾಡ್ತಿದೀಯ" ಎಂದ ಚಕ್ರಪಾಣಿ, ಕಾಫಿ ಲೋಟ ಹಿಡಿದು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತ. "ಇಂಥಾದ್ದು ಇಂಟರ್ನೆಟ್ನಲ್ಲಿ ಸಾವಿರ ಇರುತ್ತಲ್ಲ. ಯಾವ್ದೋ ಒಂದು ತೋರಿಸಿದ್ರೆ ಆಯ್ತಪ್ಪ."

"ಅಡುಗೇನೂ ಹೋಟ್ಲಲ್ಲಿ ಸಾವಿರ ಬಗೆ ಇರುತ್ತೆ ಕಣ್ರೀ. ಮನೇಲಿ ಯಾಕ್ ಮಾಡ್ಬೇಕು ಹಾಗಾದ್ರೆ?"

"ನಾನೂ ಅದನ್ನೇ ಹೇಳೋದು, ತಳ ಹತ್ತಿದ್ ದಿನ" ಎಂದು ಅವನು ನಗುತ್ತ ಹೊರಟುಹೋದ. ಅವಳಿಗೆ ನಗು ಬರಲಿಲ್ಲ.

ಜನವರಿಯ ಹೊತ್ತಿಗೆ ಪುಟ ಒಂದು ರೂಪಕ್ಕೆ ಬಂತು. ದಿನಕ್ಕೊಂದು, ತಿಂಗಳಿಗೊಂದು, ಇಸವಿಗೊಂದು, ಹೀಗೆ ಮೂರು ಚೌಕಗಳು. ತಿಂಗಳನ್ನು ಒಂದರಿಂದ ಹನ್ನೆರಡರವರೆಗಿನ ಅಂಕಿಯಲ್ಲಿ ಕೊಟ್ಟು ಬಟನ್ ಒತ್ತಿದರೆ ಗ್ರಹಗಳ ಹೆಸರು ಕನ್ನಡದಲ್ಲಿ ಸಾಲಾಗಿ ಮೂಡಿ, ಎದುರಿಗೆ ವಯಸ್ಸು. ಅವಳು ತನ್ನ ಹುಟ್ಟಿದ ದಿನ ಹಾಕಿದಳು. ಗುರುವಿನ ಮೇಲೆ ಮೂರು ಮುಕ್ಕಾಲು ವರ್ಷ. ಅಷ್ಟು ದಿನಗಳ ಸಿಟ್ಟೆಲ್ಲ ಕರಗಿ, ಒಬ್ಬಳೇ ಕೂತು ನಕ್ಕಳು.

ಆದರೆ ಅವಳು ಲೆಕ್ಕದ ವಿದ್ಯಾರ್ಥಿನಿ. ಯಂತ್ರ ಹೇಳಿದ್ದನ್ನು ಹಾಗೇ ನಂಬುವವಳಲ್ಲ. ಹುಟ್ಟಿದಂದಿನಿಂದ ಆ ದಿನದವರೆಗೆ ದಿನಗಳನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿ, ಬುಧನ ವರ್ಷದಿಂದ ಭಾಗಿಸಿ ನೋಡಿದಳು. ನೂರ ಎಂಬತ್ತೈದು ದಾಟುವುದೇನೋ ಸರಿ, ಆದರೆ ದಶಾಂಶದ ಆಚೆ ಎರಡೂ ಹೊಂದಲಿಲ್ಲ. ಯಂತ್ರದ ಉತ್ತರ ಒಂದು ಬುಧವರ್ಷದ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ಶುಕ್ರನ ಮೇಲೆ ವ್ಯತ್ಯಾಸ ಇನ್ನೂ ಕಡಿಮೆ. ಗುರು, ಶನಿ ಎಂದು ದೂರ ಹೋದಂತೆ ಕಾಣಿಸುತ್ತಲೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನಿಜವಾದ ಸಂಕಟ. ಬುಧನ ವರ್ಷದ ಅಂಕಿಯನ್ನು ಇನ್ನಷ್ಟು ನಿಖರವಾಗಿ ಹಾಕಿದಳು, ಆಗಲಿಲ್ಲ. ಅಧಿಕ ವರ್ಷಗಳನ್ನು ಬೇರೆಯಾಗಿ ಎಣಿಸಿದಳು, ಆಗಲಿಲ್ಲ. ಕೋಡನ್ನು ಪೂರ್ತಿ ಅಳಿಸಿ ಮೊದಲಿಂದ ಬರೆದಳು; ಅದೇ ತಪ್ಪು ಅಷ್ಟೇ ಅಚ್ಚುಕಟ್ಟಾಗಿ ಮತ್ತೆ ಬಂತು. ಊಟದ ವಿರಾಮದಲ್ಲಿ ಡಬ್ಬಿ ತೆರೆಯದೆ ಲ್ಯಾಬಿಗೆ ಓಡುವುದು, ಗಂಟೆ ಹೊಡೆದಾಗ ಹಸಿವಿನ ಜೊತೆ ಸಿಟ್ಟನ್ನೂ ಹೊತ್ತು ತರಗತಿಗೆ ಹೋಗುವುದು. ವಿಜ್ಞಾನದ ಮೇಡಂಗೆ ಹೇಳಿಕೊಂಡರೆ, "ಅಯ್ಯೋ ಲಕ್ಷ್ಮಿ, ಬುಧನ ಮೇಲೆ ಹೋಗಿ ಯಾರು ಚೆಕ್ ಮಾಡ್ತಾರೆ ಬಿಡಿ" ಎಂದು ನಕ್ಕರು. ಅವಳಿಗೆ ತಪ್ಪಿಗಿಂತ ಈ ಮಾತೇ ಹೆಚ್ಚು ಉರಿಸಿತು. ವಿಜ್ಞಾನದ ಹುದ್ದೆಯಲ್ಲಿ ಕೂತವರು ಆಡುವ ಮಾತೇ ಇದು?

ಆ ವಾರದ ಭಾನುವಾರ ಕೆಂಗೇರಿಯಿಂದ ಮುರಳೀಕೃಷ್ಣ ಬಂದ. ಚಕ್ರಪಾಣಿಯ ಅಕ್ಕನ ಮಗ, ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಒಳ್ಳೆಯ ಹುಡುಗನೇ. ಸೋದರಮಾವ ವಿಷಯ ತೆಗೆದದ್ದೇ ತಡ, ಲ್ಯಾಪ್‌ಟಾಪ್ ಬಿಚ್ಚಿ, ಎಐಗೆ ಎರಡು ಸಾಲು ಬರೆದು, ಉಪ್ಪಿಟ್ಟು ಆರುವುದರೊಳಗೆ ಒಂದು ಪುಟ ತಂದಿಟ್ಟ. ಕಪ್ಪು ಆಕಾಶ, ಮಿನುಗುವ ಚುಕ್ಕಿ, ತಮ್ಮ ತಮ್ಮ ಬಣ್ಣದಲ್ಲಿ ತಿರುಗುವ ಗ್ರಹಗಳು. ಯಾವುದನ್ನು ಮುಟ್ಟಿದರೂ ಅದು ಮುಂದೆ ಬಂದು ವಯಸ್ಸು ಹೇಳಿ ಹಿಂದೆ ಸರಿಯುತ್ತಿತ್ತು.

"ನೋಡಿ ಅತ್ತೆ, ಮುಗೀತು. ಇದನ್ನೇ ತೋರ್ಸಿ."

ಅನಂತಲಕ್ಷ್ಮಿ ನೋಡಿದಳು. ಚೆನ್ನಾಗಿತ್ತು. ಚೆನ್ನಾಗಿದೆ ಎನ್ನುವುದೇ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚಿತು. "ಇದಿರ್ಲಿ. ನನ್ನದ್ರಲ್ಲಿ ಬುಧ ಯಾಕ್ ತಪ್ಪು ತೋರಿಸ್ತಿದಾನೆ, ಅದನ್ನ ಹೇಳೋ."

ಅವನು ಅವಳ ಪುಟವನ್ನು ಮೇಲಿಂದ ಕೆಳಗೆ ಒಮ್ಮೆ ಓಡಿಸಿ ನೋಡಿದ. "ರೌಂಡಿಂಗ್ ಇರ್ಬೇಕು ಅತ್ತೆ."

"ಮೂರನೇ ಒಂದು ಭಾಗ ರೌಂಡಿಂಗಾ?"

"ಹಾಗಾದ್ರೆ ಟೈಮ್‌ಝೋನ್ ಇರ್ಬೇಕು. ತಲೆ ಯಾಕ್ ಕೆಡಿಸ್ಕೊತೀರಾ, ನಿಮ್ ಕೋಡನ್ನ ಇದಕ್ಕೇ ಕೊಟ್ರೆ ತಪ್ಪು ಎಲ್ಲಿದೆ ಅಂತ ಒಂದ್ ನಿಮಿಷದಲ್ಲಿ ಹೇಳ್ಬಿಡುತ್ತೆ. ಕೊಡ್ಲಾ?"

ಅವನ ಬೆರಳು ಆಗಲೇ ಕೀಲಿಯ ಮೇಲಿತ್ತು. "ಬೇಡ" ಎಂದಳು ಅವಳು. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. "ಬೇಡ ಕಣೋ. ನಾನೇ ಹುಡುಕ್ತೀನಿ."

ಮುರಳಿ ಮಾವನ ಮುಖ ನೋಡಿದ. ಮಾವ ಭುಜ ಕುಣಿಸಿದ. ಅವರಿಬ್ಬರ ಆ ನೋಟವನ್ನು ಅವಳು ಗಮನಿಸಿಯೂ ಗಮನಿಸದವಳಂತೆ ಒಳಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತ ತೊಳೆದಳು. ಆಮೇಲೆ ಎಷ್ಟೋ ಸಲ ಆ ಒಂದು ನಿಮಿಷವನ್ನು ನೆನೆದು ತನ್ನ ಹಟವನ್ನು ತಾನೇ ಬೈದುಕೊಂಡಿದ್ದಾಳೆ. ಆದರೆ ನಾಳೆ ತರಗತಿಯಲ್ಲಿ ಇದನ್ನು ಯಾರು ಮಾಡಿದ್ದು ಎಂದು ಮಕ್ಕಳು ಕೇಳಿದರೆ ಮತ್ತೊಮ್ಮೆ ಬೋರ್ಡಿನ ಕಡೆ ತಿರುಗಿ ನಿಲ್ಲುವುದು ಅವಳಿಂದ ಆಗುತ್ತಿರಲಿಲ್ಲ.

ವಿಜ್ಞಾನ ದಿನಕ್ಕೆ ಮುಂಚೆ ಹೆಡ್‌ಮಿಸ್ ಸತ್ಯವತಿಯವರಿಗೆ ಎರಡನ್ನೂ ತೋರಿಸಿದಳು. ಮುಚ್ಚಿಡುವ ಬುದ್ಧಿ ಅವಳದಲ್ಲ. ಸತ್ಯವತಿಯವರು ಗ್ರಹಗಳು ತಿರುಗುವುದನ್ನು ಕಣ್ಣರಳಿಸಿ ನೋಡಿದರು. ಅವಳದನ್ನು ನೋಡುವಾಗ ಕನ್ನಡಕ ಒರೆಸಿಕೊಂಡರು.

"ಇದನ್ನೇ ಇಡೋಣ ಲಕ್ಷ್ಮಿ, ತಿರುಗೋದು."

"ಅದು ನಾನು ಮಾಡಿದ್ದಲ್ಲ ಮೇಡಂ. ನಮ್ಮ ಶಾಲೇಲಿ ಮಾಡಿದ್ದು ಅಂತ ತೋರಿಸೋದಾದ್ರೆ ಇದು."

"ಸರಿ, ನಿಮ್ಮಿಷ್ಟ. ಆದ್ರೆ ಈ ಪಾಯಿಂಟ್ ಆದ್ಮೇಲಿನ ಅಂಕಿ ಎಲ್ಲ ಯಾಕೆ? ನೋಡೋರಿಗೆ ಗೊಂದಲ. ಪೂರ್ತಿ ವರ್ಷ ಮಾತ್ರ ಬರೋ ಹಾಗೆ ಮಾಡ್ಬಿಡಿ."

"ಅದರಲ್ಲೇ ಒಂದು ತಪ್ಪಿದೆ ಮೇಡಂ, ಹುಡುಕ್ತಾ ಇದೀನಿ."

"ತೆಗೆದ್ರೆ ತಪ್ಪೂ ಹೋಗುತ್ತಲ್ಲ. ಒಳ್ಳೇದೇ ಆಯ್ತು."

ಹೋಗುವುದಿಲ್ಲ, ಕಾಣಿಸುವುದಿಲ್ಲ ಅಷ್ಟೇ ಎಂದು ಹೇಳಬೇಕೆಂದಿದ್ದಳು. ಬದಲಿಗೆ ಲ್ಯಾಬಿಗೆ ಹೋಗಿ, ದಶಾಂಶ ಬಿಟ್ಟು ಕೆಳಗಿನ ಪೂರ್ಣ ಸಂಖ್ಯೆ ತೋರಿಸುವ ಒಂದು ಸಾಲು ಸೇರಿಸಿದಳು. ತಪ್ಪು ನಿಜಕ್ಕೂ ಕಣ್ಮರೆಯಾಯಿತು. ಚಾಪೆಯ ಕೆಳಗೆ ಕಸ ಗುಡಿಸಿಟ್ಟು ನೆಂಟರನ್ನು ಕರೆದಂತೆ ಅವಳಿಗೆ ಅನಿಸುತ್ತಲೇ ಇತ್ತು.

ಆ ದಿನದ ಅತಿಥಿ ಮುನಿಹನುಮಯ್ಯನವರು. ಹೆಗ್ಗನಹಳ್ಳಿಯ ಹಳೆಯ ಮನೆತನ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅವರ ಹೊಲಗಳಲ್ಲಿ ಈಗ ಮೂರು ನಾಲ್ಕು ಅಂತಸ್ತಿನ ಮನೆಗಳು ಒತ್ತೊತ್ತಾಗಿ ನಿಂತಿದ್ದವು. ಶಾಲಾ ಸಮಿತಿಯಲ್ಲಿದ್ದರು. ಬಿಳಿ ಪಂಚೆ, ಬಿಳಿ ಶರಟು, ಹೆಗಲ ಮೇಲೆ ಮಡಿಸಿದ ಟವೆಲ್ಲು. ಮಕ್ಕಳು ಮಾಡಿದ ಜ್ವಾಲಾಮುಖಿ, ನೀರು ಸೋಸುವ ಬಾಟಲಿ ಎಲ್ಲವನ್ನೂ ತಾಳ್ಮೆಯಿಂದ ನೋಡಿ ಲ್ಯಾಬಿನ ಪರದೆಯ ಮುಂದೆ ಬಂದು ನಿಂತರು.

"ನಂದು ಹಾಕಮ್ಮ. ಮೇಷ್ಟ್ರು ಬರ್ಕೊಂಡಿರೋ ಡೇಟೇ ಇರೋದು, ನಿಜವೋ ಸುಳ್ಳೋ ನಮ್ಮವ್ವಂಗೇ ಗೊತ್ತು" ಎಂದು ನಗುತ್ತ ಹೇಳಿದರು. ಅನಂತಲಕ್ಷ್ಮಿ ಅಂಕಿ ಒತ್ತಿದಳು. ಗುರುವಿನ ಮೇಲೆ ಐದು ಎಂದು ಬಂತು.

"ಐದು ವರ್ಷವಾ? ಹಂಗಾರೆ ನಾನಿನ್ನೂ ಅಂಗನವಾಡಿ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಸತ್ಯವತಿಯವರ ಮುಖವೂ ಅರಳಿತು. ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಅವರು ಖುಷಿಯಲ್ಲಿದ್ದರು, "ನನ್ನ ಮೊಮ್ಮಗಂದು ಒಂದು ನೋಡ್ಬಿಡಮ್ಮ" ಎಂದರು. "ಈ ತಿಂಗಳು ಹದಿನೆಂಟಕ್ಕೆ ಹುಟ್ಟಿರೋದು."

ಅವಳು ಒತ್ತಿದಳು. ಗೋಡೆಯಗಲದ ಪರದೆಯ ಮೇಲೆ ಎಂಟು ಗ್ರಹಗಳೂ ಮೂಡಿದವು. ಬುಧ, ಮೈನಸ್ ಒಂದು. ಶುಕ್ರ, ಮೈನಸ್ ಒಂದು. ಭೂಮಿ, ಮೈನಸ್ ಒಂದು. ಕೊನೆಯ ನೆಪ್ಚೂನ್‌ವರೆಗೂ ಅದೇ.

ಹಿಂದಿನ ಸಾಲಿನಿಂದ ಯಾರೋ ಒಬ್ಬ, "ಲೇ, ಇನ್ನೂ ಹುಟ್ಟೇ ಇಲ್ವಂತೆ ಕಣೋ" ಎಂದ. ಇಡೀ ಲ್ಯಾಬು ಗೊಳ್ಳೆಂದಿತು.

ಮುನಿಹನುಮಯ್ಯನವರು ನಗಲಿಲ್ಲ. ಅವರ ಮುಖದಿಂದ ರಕ್ತ ಇಳಿದುಹೋದದ್ದನ್ನು ಹತ್ತಿರ ನಿಂತಿದ್ದ ಅನಂತಲಕ್ಷ್ಮಿ ಕಂಡಳು. "ಸಾರ್, ಇದು ಏನೋ..." ಎಂದು ಶುರುಮಾಡಿದಳು. ಅಷ್ಟರಲ್ಲಿ ಸತ್ಯವತಿಯವರು ನಡುವೆ ಬಂದು, "ಮೆಷಿನ್ ಹಳೇದು ಸಾರ್, ಬನ್ನಿ, ಎಂಟನೇ ಕ್ಲಾಸ್ ಮಕ್ಕಳು ಚಂದ್ರಯಾನ ಮಾಡಿದಾರೆ" ಎಂದು ಅವರನ್ನು ಕರೆದುಕೊಂಡು ಹೋದರು. ಹೋಗುವಾಗ ಅವಳ ಕಡೆ ಒಮ್ಮೆ ತಿರುಗಿ ನೋಡಿದರು. ಆ ನೋಟಕ್ಕೆ ವಿವರಣೆ ಬೇಕಿರಲಿಲ್ಲ.

ಮಧ್ಯಾಹ್ನ ಕಾರ್ಯಕ್ರಮ ಮುಗಿದು ಮಕ್ಕಳು ಮನೆಗೆ ಹೋದ ಮೇಲೆ ಅವಳು ಲ್ಯಾಬಿನಲ್ಲಿ ಒಬ್ಬಳೇ ಕೂತಳು. ಕಣ್ಣು ಉರಿಯುತ್ತಿತ್ತು. ಅಳು ಬಂದರೆ ಬರಲಿ ಎಂದು ಕಾದಳು, ಬಂದದ್ದು ಸಿಟ್ಟೇ. ಪಾಯಿಂಟು ತೆಗೆಯಿರಿ ಎಂದವರ ಮೇಲೆ, ಯಾರು ಚೆಕ್ ಮಾಡ್ತಾರೆ ಎಂದವರ ಮೇಲೆ, ಗೊತ್ತಿದ್ದೂ ಮುಚ್ಚಿಟ್ಟ ತನ್ನ ಮೇಲೆ. ಸೊನ್ನೆಗಿಂತ ಒಂದಿಷ್ಟೇ ಕಡಿಮೆಯಾದರೂ ಕೆಳಗಿನ ಪೂರ್ಣ ಸಂಖ್ಯೆ ಮೈನಸ್ ಒಂದಾಗುತ್ತದೆ, ಅದು ತನಗೆ ಹೊಳೆಯಬೇಕಿತ್ತು. ಆದರೆ ಹತ್ತು ದಿನದ ಮಗುವಿಗೆ ಸೊನ್ನೆಗಿಂತ ಕಡಿಮೆ ಎಲ್ಲಿಂದ ಬಂತು?

ಬಾಗಿಲಲ್ಲಿ ನೆರಳು ಬಿತ್ತು. ಮುನಿಹನುಮಯ್ಯನವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅವಳು ಎದ್ದು ನಿಂತಳು.

"ಕೂತ್ಕೊಳಮ್ಮ. ಬಯ್ಯಕ್ಕೆ ಬಂದಿಲ್ಲ" ಎಂದು ತಾವೂ ಒಂದು ಸ್ಟೂಲು ಎಳೆದುಕೊಂಡರು. "ಆ ಮೈನಸ್ಸು ಯಾಕ್ ಬಂತು?" ಎಂದರು.

"ತಪ್ಪು ಸಾರ್. ಎಲ್ಲೋ ನನ್ನಿಂದಾನೇ ತಪ್ಪಾಗಿದೆ."

"ತಪ್ಪು ಅಂತ ಹೆಂಗ್ ಹೇಳ್ತೀಯ?" ಅವರ ದನಿ ತಗ್ಗಿತು. "ನಮ್ಮ ಸ್ಪಂದನ, ನನ್ನ ಮಗಳು. ಎರಡು ಸಲ ಬಸುರು ನಿಲ್ಲಲಿಲ್ಲ. ಈಗ ಇದು. ಮಾರ್ಚ್ ಹತ್ತೊಂಬತ್ತೋ ಇಪ್ಪತ್ತೋ ಡೇಟ್ ಕೊಟ್ಟಿದ್ರು. ಒಂದ್ ತಿಂಗಳು ಮುಂಚೇನೇ ಆಗೋಯ್ತು. ಮಗು ಇನ್ನೂ ಆಸ್ಪತ್ರೇಲಿ ಪೆಟ್ಟಿಗೆ ಒಳಗಿದೆ. ನಾನು ಗಾಜಿಂದ ಆಚೆ ನಿಂತು ನೋಡಿ ಬರ್ತೀನಿ. ಡಾಕ್ಟರಮ್ಮ ಏನಂದ್ರು ಗೊತ್ತಾ, ಮಾರ್ಚ್ ಬರೋವರ್ಗೂ ಇವನು ಹೊಟ್ಟೇಲೇ ಇದಾನೆ ಅಂತ ತಿಳ್ಕೊಳಿ, ಲೆಕ್ಕ ಆಮೇಲಿಂದ ಇಟ್ಕೊಳಿ ಅಂದ್ರು. ಇಲ್ಲಿ ಬಂದ್ರೆ ನಿಮ್ಮ ಮೆಷಿನ್ನೂ ಅದೇ ಹೇಳ್ತು. ಇದಕ್ಕೆ ಯಾರ್ ಹೇಳಿದ್ರು?"

ಅನಂತಲಕ್ಷ್ಮಿ ಪರದೆಯ ಮೇಲಿನ ಮೈನಸ್ಸುಗಳನ್ನು ಮತ್ತೊಮ್ಮೆ ನೋಡಿದಳು.

"ನಾನು ಇಂಥಾದ್ದೆಲ್ಲ ನಂಬೋನಲ್ಲ. ಆದ್ರೂ ಮನಸ್ಸು ಕೇಳ್ಬೇಕಲ್ಲಮ್ಮ. ಗೇಟ್ ತನಕ ಹೋದೋನು ವಾಪಸ್ ಬಂದೆ."

ಇಷ್ಟು ದಿನಗಳಲ್ಲಿ 'ಯಾಕೆ' ಎಂದು ಕೇಳಿದ ಮೊದಲನೆಯವರು ಇವರೇ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ತೋಚಲಿಲ್ಲ. ತೋಚಿದ್ದು ಒಂದೇ. ತಪ್ಪು ಎಂದು ಬಾಯಲ್ಲಿ ಹೇಳಿದರೆ ಇವರ ಮನಸ್ಸು ಒಪ್ಪುವುದಿಲ್ಲ, ಕಣ್ಣೆದುರು ಹಿಡಿದು ತೋರಿಸಬೇಕು. ಈಗಲೇ.

"ಒಂದ್ ನಿಮಿಷ ಇರಿ ಸಾರ್. ಬೇರೆ ಬೇರೆ ದಿನ ಹಾಕಿ ನೋಡೋಣ. ಇದು ಎಲ್ಲಿ ಬದಲಾಗುತ್ತೆ ಅಂತ."

ಇಂದಿನ ದಿನ, ಫೆಬ್ರವರಿ ಇಪ್ಪತ್ತೆಂಟನ್ನು ಹಾಕಿದಳು. ಮೈನಸ್ ಒಂದು. ಫೆಬ್ರವರಿ ಒಂದನ್ನು ಹಾಕಿದಳು. ಮೈನಸ್ ಒಂದು. ಜನವರಿ ಹತ್ತಕ್ಕೆ ಸೊನ್ನೆ ಬಂತು. ಇಪ್ಪತ್ತಕ್ಕೂ ಸೊನ್ನೆ. ಮುನಿಹನುಮಯ್ಯನವರು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಜನವರಿ ಇಪ್ಪತ್ತೆಂಟು ಹಾಕಿದಳು, ಸೊನ್ನೆ. ಇಪ್ಪತ್ತೊಂಬತ್ತು ಹಾಕಿದಳು, ಮೈನಸ್ ಒಂದು.

"ಇವತ್ತು ಇಪ್ಪತ್ತೆಂಟಲ್ವಾ" ಎಂದರು ಅವರು.

"ಹೌದು ಸಾರ್." ಅವಳ ಬೆನ್ನು ನೆಟ್ಟಗಾಯಿತು. "ಯಾವ್ ದಿನ ಕೊಟ್ರೂ ಒಂದು ತಿಂಗಳು ಮುಂದಕ್ಕೆ ತಳ್ಳಿ ಎಣಿಸ್ತಿದೆ. ಜನವರೀದನ್ನ ಫೆಬ್ರವರಿ ಅಂದ್ಕೊಳ್ತಿದೆ. ಫೆಬ್ರವರೀದನ್ನ ಮಾರ್ಚ್."

ಒಂದು ತಿಂಗಳೆಂದರೆ ಬುಧನ ವರ್ಷದ ಮೂರನೇ ಒಂದು ಭಾಗ. ಇಷ್ಟು ದಿನ ಕಣ್ಣ ಮುಂದೆ ಕುಣಿದ ಅಂಕಿ ಅದೇ. ಅವಳು ಕೋಡು ತೆರೆದಳು. ತಿಂಗಳನ್ನು ಯಂತ್ರಕ್ಕೆ ಕೊಡುವ ಸಾಲಿನ ಮೇಲೆ ಬೆರಳಿಟ್ಟಾಗ, ಅವಸರದ ಹುಡುಗನ ವೀಡಿಯೊದಲ್ಲಿ ಎಲ್ಲೋ ಒಂದು ಕಡೆ ಹಾರಿಹೋದ ಮಾತು ನೆನಪಿಗೆ ಬಂತು. ದಿನವನ್ನು ಒಂದರಿಂದ ಎಣಿಸುವ ಆ ಭಾಷೆ ತಿಂಗಳನ್ನು ಮಾತ್ರ ಸೊನ್ನೆಯಿಂದ ಎಣಿಸುತ್ತದೆ. ಜನವರಿ ಸೊನ್ನೆ. ಫೆಬ್ರವರಿ ಒಂದು. ಅವಳು ಎರಡು ಎಂದು ಕೊಟ್ಟದ್ದನ್ನು ಅದು ಮಾರ್ಚ್ ಎಂದು ತೆಗೆದುಕೊಂಡಿತ್ತು.

ಅವಳು ಅದನ್ನು ಅವರಿಗೆ ತಿಳಿಯುವಂತೆ ಹೇಳಿದಳು. ಅವರು ಹುಬ್ಬು ಗಂಟಿಕ್ಕಿ ಕೇಳಿದರು.

"ಸೊನ್ನೇನೇ ತಿಂಗಳಾ? ಯಾವನಮ್ಮ ಇದನ್ನ ಮಾಡ್ದೋನು?"

"ಗೊತ್ತಿಲ್ಲ ಸಾರ್. ಸಿಕ್ಕಿದ್ರೆ ನಾನೂ ಕೇಳೋದಿದೆ" ಎಂದಳು. ಹಲ್ಲು ಕಚ್ಚಿಯೇ ಹೇಳಿದ್ದು.

ಆ ಸಾಲಿನಲ್ಲಿ ತಿಂಗಳಿಂದ ಒಂದನ್ನು ಕಳೆದಳು. ದಶಾಂಶಗಳನ್ನು ವಾಪಸ್ಸು ತಂದಳು. ಮತ್ತೆ ಹದಿನೆಂಟು, ಎರಡು ಎಂದು ಒತ್ತಿ, ಇಸವಿಯನ್ನೂ ಒತ್ತಿದಳು. ಬುಧನ ಮೇಲೆ ಸೊನ್ನೆ ಪಾಯಿಂಟ್ ಒಂದು ಒಂದು. ಭೂಮಿಯ ಮೇಲೆ ಸೊನ್ನೆ ಪಾಯಿಂಟ್ ಸೊನ್ನೆ ಮೂರು. ಗುರುವಿನಿಂದಾಚೆ ಬರಿ ಸೊನ್ನೆಗಳು. ಮೈನಸ್ಸು ಎಲ್ಲೂ ಇರಲಿಲ್ಲ.

ಮುನಿಹನುಮಯ್ಯನವರು ಪರದೆಯನ್ನು ಬಹಳ ಹೊತ್ತು ನೋಡಿದರು. "ಬುಧನ ಮೇಲೆ ಒಂಚೂರು ದೊಡ್ಡೋನು" ಎಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಜೇಬಿಂದ ಫೋನು ತೆಗೆದು ಒಂದು ಫೋಟೊ ಹಿಡಿದರು. "ಸ್ಪಂದನಂಗೆ ತೋರಿಸ್ತೀನಿ. ಮೈನಸ್ಸಿನ ವಿಷ್ಯ ಹೇಳಲ್ಲ."

ಅವರು ಹೋದ ಮೇಲೆ ಅವಳು ತನ್ನ ಹುಟ್ಟಿದ ದಿನ ಹಾಕಿ ಕ್ಯಾಲ್ಕುಲೇಟರಿನ ಜೊತೆ ಹೊಂದಿಸಿ ನೋಡಿದಳು. ಹೊಂದಿತು. ಯಾರಿಗಾದರೂ ಹೇಳಬೇಕೆನಿಸಿತು. ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದು ಚಕ್ರಪಾಣಿಗೆ ಹೇಳಿದಳು. ಅವನು ಪೂರ್ತಿ ಕೇಳಿ, ನಿಜವಾಗಿ ಅರ್ಥ ಮಾಡಿಕೊಂಡು, "ಅಂದ್ರೆ ಬರೀ ಒಂದು ಮೈನಸ್ ಒನ್ ಹಾಕಕ್ಕೆ ಎರಡು ತಿಂಗಳಾಯ್ತಾ?" ಎಂದ.

"ಹೌದು ಕಣ್ರೀ. ಅಷ್ಟೇ" ಎಂದು ಅವಳು ಒಳಗೆ ಹೋದಳು.

ಸೋಮವಾರ ಸತ್ಯವತಿಯವರು ಕರೆದರು. ಆಗಿದ್ದು ಆಗಿಹೋಯಿತು, ಸಮಿತಿಯವರು ಏನೂ ಅಂದಿಲ್ಲ, ಶಾಲೆಯ ವೆಬ್‌ಸೈಟಿಗೆ ಆ ತಿರುಗುವ ಗ್ರಹಗಳದ್ದನ್ನು ಹಾಕಿಸಿದ್ದೇವೆ ಎಂದರು. ಮುರಳಿಯ ನಂಬರನ್ನು ಅವರಿಗೆ ಕೊಟ್ಟದ್ದು ಚಕ್ರಪಾಣಿ ಎಂದು ಆಗ ಗೊತ್ತಾಯಿತು.

"ನನ್ನದೀಗ ಸರಿ ಆಗಿದೆ ಮೇಡಂ. ಪಾಯಿಂಟ್ ಸಮೇತ."

"ಗೊತ್ತು ಲಕ್ಷ್ಮಿ. ಆದ್ರೆ ನೋಡೋಕೆ ಅದು ಚೆನ್ನಾಗಿದೆಯಲ್ಲ" ಎಂದರು ಸತ್ಯವತಿಯವರು, ತೀರ ಕೆಟ್ಟದಾಗಿಯೇನೂ ಅಲ್ಲ. ಆ ಪುಟದ ಕೆಳಗೆ 'ನಮ್ಮ ಶಾಲೆಯ ಕಂಪ್ಯೂಟರ್ ವಿಭಾಗದ ಕೊಡುಗೆ' ಎಂದು ಬರೆಸಿದ್ದರು. ವಿಭಾಗವೆಂದರೆ ಅವಳೊಬ್ಬಳೇ. ತಾನು ಮಾಡದ ಕೆಲಸಕ್ಕೆ ತನ್ನ ಹೆಸರಿಲ್ಲದ ಹೊಗಳಿಕೆ. ಅದನ್ನು ತೆಗೆಸಿ ಎಂದು ಎರಡು ಸಲ ಕೇಳಿದಳು. ನೋಡೋಣ ಎಂದರು.

ಅವಳು ಬೇರೇನೂ ಮಾಡಲಾಗದೆ ಇದೊಂದು ಮಾಡಿದಳು. ತಪ್ಪಿದ್ದ ಹಳೆಯ ಪುಟವನ್ನು ಲ್ಯಾಬಿನ ಯಂತ್ರಗಳಿಗೆಲ್ಲ ಹಾಕಿ, ಒಂಬತ್ತನೆಯವರಿಗೆ ಅದರ ತಪ್ಪು ಹುಡುಕುವ ಕೆಲಸ ಕೊಟ್ಟಳು. ಒಂದು ಪೀರಿಯಡ್ಡಿನಲ್ಲಿ ಯಾರಿಗೂ ಸಿಗಲಿಲ್ಲ. ಎರಡನೆಯದರಲ್ಲೂ ಸಿಗಲಿಲ್ಲ. ಮಕ್ಕಳು ಗೊಣಗಿದರು, ಒಬ್ಬರ ಮೇಲೊಬ್ಬರು ಹಾಯ್ದರು, ಮೌಸು ಕುಟ್ಟಿದರು. ಅವಳು ನಡುವೆ ಓಡಾಡುತ್ತ ಒಂದು ಸುಳಿವನ್ನೂ ಕೊಡಲಿಲ್ಲ. ಮೂರನೆಯ ವಾರ ಹಿಂದಿನ ಬೆಂಚಿನ ಇಬ್ಬರಿಗೆ ಸಿಕ್ಕಿತು. ಅವರು ಖುಷಿಯಿಂದ ಕಿರುಚಲಿಲ್ಲ. ಇಂಥ ನಿಯಮ ಯಾಕಿದೆ ಎಂದು ಅವಳ ಜೊತೆ ಜಗಳಕ್ಕೇ ಬಂದರು. ಬಹಳ ವರ್ಷಗಳಲ್ಲಿ ಅವಳಿಗೆ ಒಂದು ಪಾಠ ನಿಜವಾಗಿ ಹೇಳಿದೆ ಎನಿಸಿದ್ದು ಅಂದು.

ಮಾರ್ಚ್ ಕೊನೆಗೆ ಬಸ್ ಸ್ಟಾಪಿನಲ್ಲಿ ಮುನಿಹನುಮಯ್ಯನವರ ಕಾರು ಅವಳ ಪಕ್ಕದಲ್ಲಿ ನಿಂತಿತು. ಗಾಜು ಇಳಿಸಿ, ಮಗು ಮನೆಗೆ ಬಂದಿದೆ, ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದರು. "ನಮ್ಮನೆಯೋಳು ದೃಷ್ಟಿ ಬೊಟ್ಟು ಇಟ್ಟು ಇಟ್ಟು ಅರ್ಧ ಮುಖ ಕಪ್ಪು ಮಾಡಿದಾಳೆ. ಬಾಮ್ಮ ಒಂದಿನ, ನೋಡ್ಕೊಂಡು ಹೋಗೀವಂತೆ." ಬರುತ್ತೇನೆ ಎಂದಳು. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು, ಕಾರು ಹೊರಟಿತು.

ಶಾಲೆಯ ವೆಬ್‌ಸೈಟಿನಲ್ಲಿ ಆ ಕೊಡುಗೆಯ ಸಾಲು ಇನ್ನೂ ಹಾಗೇ ಇದೆ. ಅವಳು ಈಗ ಹುಣ್ಣಿಮೆ ಅಮಾವಾಸ್ಯೆ ಲೆಕ್ಕ ಹಾಕುವ ಇನ್ನೊಂದು ಪುಟಕ್ಕೆ ಕೈ ಹಾಕಿದ್ದಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಗುರುವಾರವಿದ್ದರೆ ಅವಳ ಪುಟ ಬುಧವಾರ ಎನ್ನುತ್ತದೆ. ಯಾಕೆಂದು ಗೊತ್ತಾಗಿಲ್ಲ. ಭಾನುವಾರ ಬೆಳಗ್ಗೆ ಅಡುಗೆಮನೆಯಿಂದ ಚಕ್ರಪಾಣಿ, "ಲಕ್ಷ್ಮೀ, ಕಾಫಿ ಆರ್ತಾ ಇದೆ" ಎಂದು ಎರಡನೆಯ ಸಲ ಕೂಗುತ್ತಾನೆ.

"ಇರ್ರೀ, ಬಂದೆ" ಎನ್ನುತ್ತಾಳೆ, ಏಳದೆಯೇ.